ಬಾಣನ ಹಗ್ಗ

18 ನವೆಂಬರ್ 2024, ಸೋಮವಾರ

ಇವತ್ತು ಇವರನ್ನು ಆಸ್ಪತ್ರೆಯಿಂದ ಮನೆಗೆ ತಂದೆವು. ಆಟೋದಲ್ಲಿ ಕಾಲು ಚಾಚಿ ಕೂರಿಸಲು ಆಗಲಿಲ್ಲ. ಪಕ್ಕದ ಮನೆಯ ಗಿರೀಶಣ್ಣ ಓಮ್ನಿಯ ಹಿಂದಿನ ಸೀಟು ತೆಗೆದು ಹಾಸಿಗೆ ಹಾಕಿಕೊಟ್ಟರು. ಎಡಗಾಲಿನ ಎಲುಬಿಗೆ ರಾಡು ಹಾಕಿದ್ದಾರೆ. ಮೂರು ತಿಂಗಳು ಕಾಲು ನೆಲಕ್ಕೆ ಊರಬಾರದಂತೆ.

ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಕೂತು ತಲೆಯೊಳಗೆ ಏನೇನೋ ತುಂಬಿಕೊಂಡಿದೆ. ಹೇಳೋಣ ಅಂದರೆ ಯಾರಿಗೆ? ಅತ್ತೆಗೆ ಹೇಳಿದರೆ ಅಳುತ್ತಾರೆ. ಅದಕ್ಕೇ ಬ್ಲೌಸಿನ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ನೋಡಲು ಬಂದವರೆಲ್ಲ ಕೇಳುವುದು ಒಂದೇ, "ಎಂತ ಆತು?" ನಾಯಿ ಎಳೆದು ಬಿದ್ದರು ಅಂದ ಕೂಡಲೇ ಅವರ ಬಾಯಿಯ ತುದಿ ಸ್ವಲ್ಪ ಅಲ್ಲಾಡುತ್ತದೆ. ತೆಂಗಿನ ಮರದಿಂದ ಬಿದ್ದಿದ್ದರೆ ಹಾಗೆ ಆಗುತ್ತಿರಲಿಲ್ಲ. ಅವರನ್ನು ಬೈಯಲಿಕ್ಕೂ ನನಗೆ ಬಾಯಿಲ್ಲ. ಗೋವಾದಲ್ಲಿ ನಾಯಿ ಪಳಗಿಸುವ ಕಡೆ ಕೆಲಸಕ್ಕಿದ್ದವರು ಎರಡು ವರ್ಷದ ಹಿಂದೆ ಊರಿಗೆ ಬಂದು, ಇನ್ನು ಕುಮಟೆಯಲ್ಲಿ ದೊಡ್ಡವರ ಮನೆಯ ನಾಯಿಗಳನ್ನು ಓಡಾಡಿಸುವುದೇ ನನ್ನ ಕೆಲಸ ಅಂದಾಗ ನಾನೂ ನಕ್ಕಿದ್ದೆ. ನಾಯಿ ತಿರುಗಿಸಲು ಒಬ್ಬ ಆಳು ಬೇಕಾ ಅಂತ ಕೇಳಿದ್ದೆ. ಬೇಕಿತ್ತು. ಡಾಕ್ಟರಿಗೆ, ಲೆಕ್ಚರರಿಗೆ, ಬ್ಯಾಂಕಿನವರಿಗೆ ಪುರುಸೊತ್ತಿಲ್ಲ. ಅವರ ನಾಯಿಗಳಿಗೆ ಓಡದಿದ್ದರೆ ಹುಚ್ಚು ಹಿಡಿಯುತ್ತದೆ. ಪೇಟೆಯಲ್ಲಿ ಇವರಿಗೆ 'ನಾಯಿ ದೇವರಾಜ' ಅಂತ ಹೆಸರೇ ಬಿತ್ತು.

ಕೆಡವಿದ್ದು ಬಾಣ. ಮುಧೋಳ ನಾಯಿ, ಕಾಲೇಜಿನ ಲೆಕ್ಚರರು ನರ್ಮದಾ ಮೇಡಂ ಮನೆಯದು. ಬೈಕು ಕಂಡರೆ ಅದಕ್ಕೆ ತಲೆ ಕೆಡುತ್ತದೆ. ನಮ್ಮ ಹೊಳನಗದ್ದೆಯ ರಸ್ತೆಯಲ್ಲೇ ಹಿಂದಿನಿಂದ ಬುಲೆಟ್ ಬಂತು, ನಾಯಿ ಹಾರಿತು, ಹಗ್ಗ ಇವರ ಮಣಿಕಟ್ಟಿಗೆ ಸುತ್ತಿತ್ತು, ಇವರು ಮೋರಿಯ ಕಲ್ಲಿನ ಮೇಲೆ ಬಿದ್ದರು. ನನಗೆ ಗೊತ್ತಿರುವುದು ಇಷ್ಟೇ. ಇದಕ್ಕಿಂತ ಹೆಚ್ಚು ಇವರು ಹೇಳಿಲ್ಲ. ಕೇಳಿದರೆ ಗೋಡೆ ನೋಡುತ್ತಾರೆ.

21 ನವೆಂಬರ್

ಇವರ ಫೋನು ಬಡಿದುಕೊಳ್ಳುತ್ತಲೇ ಇರುತ್ತದೆ. ಇವರು ತೆಗೆಯುವುದಿಲ್ಲ, ನಾನು ತೆಗೆಯುತ್ತೇನೆ. ಹಲ್ಲಿನ ಡಾಕ್ಟರು ಸುಹಾಸ ಹೇಳಿದರು, ಅವರ ಲಡ್ಡು ಸೋಫಾದ ಒಂದು ಮೂಲೆ ತಿಂದು ಮುಗಿಸಿದೆಯಂತೆ. ಬೇರೆ ಯಾರಾದರೂ ಸಿಗುತ್ತಾರಾ ಅಂದರು. ಬೇರೆ ಯಾರಿದ್ದಾರೆ? ಇಡೀ ಕುಮಟೆಯಲ್ಲಿ ಈ ಕೆಲಸಕ್ಕೆ ಇವರೊಬ್ಬರೇ.

"ನಾ ಹೋಗ್ತೆ" ಅಂದೆ. ಫೋನಿಗೆ ಅಂದೆನೋ ಇವರಿಗೆ ಅಂದೆನೋ ಗೊತ್ತಿಲ್ಲ. ನನಗೆ ನಾಯಿಯೆಂದರೆ ಹೆದರಿಕೆ. ಬೀದಿನಾಯಿ ಎದುರು ಬಂದರೆ ರಸ್ತೆ ದಾಟುವವಳು ನಾನು. ಆ ಮಾತು ನನ್ನ ಬಾಯಲ್ಲಿ ಹೇಗೆ ಬಂತು?

ಇವರು ಮಲಗಿದಲ್ಲೇ ಪಾಠ ಶುರು ಮಾಡಿದರು. ಮಂಚದ ಕಾಲಿಗೆ ಪಂಚೆ ಕಟ್ಟಿಸಿ, ಅದೇ ನಾಯಿ ಅಂದುಕೊಂಡು ಹಿಡಿ ಅಂದರು. "ಹಗ್ಗ ಬಿಗಿ ಹಿಡಿಬೇಡ. ಬಿಗಿ ಆದ್ರೆ ಅದಕ್ಕೂ ಹೆದರಿಕೆ ಬತ್ತದೆ. ನಿನ್ನ ಕೈಯಲ್ಲಿ ಎಂತ ಉಂಟೋ ಅದು ಹಗ್ಗದಲ್ಲಿ ಇಳಿದು ಹೋಗ್ತದೆ."

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನಾಯಿ ಹಿಡ್ಕಂಡು ಪ್ಯಾಟೆ ತಿರುಗೂಕೆ ಸೊಸೆ ತಂದದ್ದಾ ನಾನು?" ಅಂದರು. ಆಮೇಲೆ ಒಳಗೆ ಹೋಗಿ ನನ್ನ ಚಪ್ಪಲಿಯ ಹರಿದ ಬಾರು ಹೊಲಿಯಲು ಕೂತರು. ಅವರು ಒಪ್ಪಿದ್ದಾರೋ ಇಲ್ಲವೋ ಅರ್ಥವಾಗಲಿಲ್ಲ.

24 ನವೆಂಬರ್, ಭಾನುವಾರ

ಲಡ್ಡುವನ್ನು ನಾನು ತಿರುಗಿಸಲಿಲ್ಲ, ಲಡ್ಡು ನನ್ನನ್ನು ತಿರುಗಿಸಿತು. ಹಳದಿ ಬಣ್ಣದ ಲ್ಯಾಬ್ರಡಾರು, ಎಮ್ಮೆ ಕರುವಿನಷ್ಟು ತೂಕ. ಮೀನು ಮಾರ್ಕೆಟಿನ ಎದುರು ಕೂತುಬಿಟ್ಟಿತು. ಏಳು ಅಂದೆ, ಎಳೆದೆ, ಕೈಮುಗಿದೆ. ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸರು ನಗುತ್ತಾ ಒಂದು ಬಂಗುಡೆಯ ತಲೆ ಎಸೆದರು. ಅದನ್ನು ತಿಂದ ಮೇಲೆ ಎದ್ದಿತು.

ಯಾರಾದರೂ ಗುರುತು ಹಿಡಿದಾರು ಅಂತ ವೇಲು ತಲೆಗೆ ಹೊದ್ದಿದ್ದೆ. ಈ ಸೆಕೆಯಲ್ಲಿ ವೇಲು ಹೊದ್ದು ನಾಯಿ ಹಿಡಿದವಳನ್ನೇ ಎಲ್ಲರೂ ಹೆಚ್ಚು ನೋಡಿದರು.

29 ನವೆಂಬರ್

ಕೈ ನೋವು. ಹೊಲಿಗೆ ಬಾಕಿ. ಇವರು ಉಣ್ಣುವುದು ಕಡಿಮೆ ಮಾಡಿದ್ದಾರೆ.

4 ಡಿಸೆಂಬರ್

ನರ್ಮದಾ ಮೇಡಂ ಇವರನ್ನು ನೋಡಲು ಬಂದಿದ್ದರು. ಮೂಸಂಬಿ, ಬಾಳೆಹಣ್ಣು, ಮೇಲಿಂದ ಒಂದು ಹಾರ್ಲಿಕ್ಸ್. ಆಸ್ಪತ್ರೆಗೂ ಬಂದಿದ್ದರು, ಆಗ ಇವರು ಮದ್ದಿನ ನಿದ್ದೆಯಲ್ಲಿದ್ದರು. ಇವತ್ತು ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಮಲಗಿದರು. ಆದರೆ ಉಸಿರು ನಿದ್ದೆಯವರ ಉಸಿರಾಗಿರಲಿಲ್ಲ.

ಗೇಟಿನ ಹತ್ತಿರ ಮೇಡಂ ನನ್ನ ಕೈ ಹಿಡಿದುಕೊಂಡರು. "ರೋಹಿಣಿ, ನಂಗೆ ಏನು ಮಾಡಬೇಕೋ ತಿಳೀತಾ ಇಲ್ಲ. ಬಾಣ ಕಾರಿನ ಶೆಡ್ಡಲ್ಲೇ ಇದೆ. ಬಾಗಿಲು ಕಚ್ಚಿ ಕಚ್ಚಿ ಒಸಡಲ್ಲಿ ರಕ್ತ. ಅಕ್ಕಪಕ್ಕದವರು ದಿನಾ ಫೋನು ಮಾಡ್ತಾರೆ. ನಮ್ಮವರು ಅನೂಪ ತಂದದ್ದು ಅದನ್ನ. ಅವರಿಗೆ ಬೆಳಗಾವಿಗೆ ಟ್ರಾನ್ಸ್‌ಫರ್ ಆಯ್ತು, ನಾಯಿ ನನ್ನ ಪಾಲಿಗೆ ಉಳೀತು. ಸಂತೆಗುಳಿಯಲ್ಲಿ ಅವರ ಚಿಕ್ಕಪ್ಪ ಇದ್ದಾರೆ, ತೋಟಕ್ಕೆ ಹಂದಿ ಬರ್ತದೆ, ಅಲ್ಲಿ ಕಟ್ಟಿ ಹಾಕಲಿ ಅಂತಾರೆ."

"ಕೊಡ್ತೀರಾ?"

"ಕೊಟ್ಟರೆ ಅದನ್ನ ಚೈನಿಗೆ ಹಾಕ್ತಾರೆ. ಇಟ್ಟುಕೊಂಡರೆ ಇನ್ನೊಬ್ಬರ ಕಾಲು ಮುರೀತದೆ."

ಒಳಗೆ ಬಂದಾಗ ಇವರು ಗೋಡೆ ನೋಡುತ್ತಾ ಹೇಳಿದರು, "ಆ ನಾಯಿ ಮಾತ್ರ ಮುಟ್ಟಬೇಡ."

ನಾನು ಮುಟ್ಟುತ್ತೇನೆ ಅಂತ ಹೇಳಿರಲೇ ಇಲ್ಲ.

9 ಡಿಸೆಂಬರ್

ಇವತ್ತು ಬೇಡ ಅಂದದ್ದನ್ನೇ ಮಾಡಿದೆ.

ಲಡ್ಡುವನ್ನು ಮನೆಗೆ ಬಿಟ್ಟು ನರ್ಮದಾ ಮೇಡಂ ಮನೆಯ ದಾರಿಯಲ್ಲಿ ಬಂದೆ. ಅದು ಹತ್ತಿರದ ದಾರಿಯಲ್ಲ. ಶೆಡ್ಡಿನಿಂದ ಒಂದು ಶಬ್ದ ಬರುತ್ತಿತ್ತು. ಬೊಗಳುವುದಲ್ಲ, ಅಳುವುದೂ ಅಲ್ಲ. ನೀರಿಲ್ಲದ ಪಂಪು ಓಡಿದ ಹಾಗೆ. ಜಗುಲಿಯಲ್ಲಿ ಮೇಡಂ ಗಂಡನ ಜೊತೆ ಫೋನಿನಲ್ಲಿ ತಮ್ಮ ಮನೆಮಾತಿನಲ್ಲಿ ಮಾತಾಡುತ್ತಿದ್ದರು. "ನೀವು ಅಲ್ಲಿ ಕೂತ್ಕಂಡು ಹೇಳಿದ್ರೆ ಆಗ್ತಿಲ್ಲೆ. ಬಾಗ್ಲು ತೆಗೆದ್ರೆ ಓಡ್ತು, ಹಾಕಿದ್ರೆ ಕೂಗ್ತು. ಆನು ಎಂತ ಮಾಡವು ಹೇಳಿ." ನನ್ನನ್ನು ಕಂಡು ಫೋನು ಇಟ್ಟರು.

"ಅಂಗಳದೊಳಗೆ ಒಂದು ಸುತ್ತು ತಿರುಗಿಸ್ಲಾ?" ಅಂತ ಕೇಳಿದೆ.

ಬಾಣ ಅಷ್ಟು ತೆಳ್ಳಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇವರನ್ನು ಕೆಡವಿದ ನಾಯಿ ಅಂದರೆ ಹುಲಿಯಷ್ಟು ಇರಬೇಕು ಅಂದುಕೊಂಡಿದ್ದೆ. ಬೂದಿ ಬಣ್ಣ, ಉದ್ದ ಮೂತಿ, ಪಕ್ಕೆಲುಬು ಎಣಿಸಬಹುದು. ಗೇಟು ಮುಚ್ಚಿ ಬೆಲ್ಟಿಗೆ ಹಗ್ಗ ಸಿಕ್ಕಿಸಿದೆ. ನನ್ನ ಕಾಲು ನಡುಗುತ್ತಿತ್ತು. ನೋಡಿದರೆ ಅದರ ಕಾಲೂ ನಡುಗುತ್ತಿತ್ತು. ಇಬ್ಬರೂ ತುಳಸಿಕಟ್ಟೆಯ ಸುತ್ತ ಸುತ್ತಿದೆವು. ಗೇಟಿನಾಚೆ ಒಂದು ಸ್ಕೂಟಿ ಹೋಯಿತು, ಅದು ಗಾಳಿಯಲ್ಲಿ ಎರಡು ಸಲ ತಿರುಗಿ ಗೇಟಿಗೆ ಹೊಡೆದುಕೊಂಡಿತು. ನನ್ನ ಅಂಗೈ ಸಿಪ್ಪೆ ಎದ್ದಿದೆ.

ಮನೆಗೆ ಬಂದು ಇವರಿಗೆ ಹೇಳಲಿಲ್ಲ. ಸಿಟ್ಟು ತೀರಿಸಿಕೊಳ್ಳಲು ಅಲ್ಲಿಗೆ ಹೋದೆನಾ? ಸಿಟ್ಟು ಬರಲಿಲ್ಲವಲ್ಲ. ಕನಿಕರವಾ? ನನ್ನ ಗಂಡನ ಕಾಲು ಮುರಿದ ನಾಯಿಯ ಮೇಲೆ ಕನಿಕರ ಯಾಕೆ ಬರಬೇಕು?

13 ಡಿಸೆಂಬರ್

ಇವರಿಗೆ ಊಟ ಬಡಿಸುವಾಗ ಕೇಳಿದೆ, "ಲಡ್ಡು ಬೈಕು ಕಂಡು ಹಾರಿದ್ರೆ ಎಂತ ಮಾಡೂದು?"

"ಲಡ್ಡು ಹಾರೂದಿಲ್ಲ."

"ಹಾರಿದ್ರೆ?"

ಇವರು ತುತ್ತು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಹೇಳಿದರು. ಹಾರಿದ ಮೇಲೆ ಮಾಡುವುದು ಏನೂ ಇಲ್ಲವಂತೆ. ಹಾರುವ ಮೊದಲು ಮಾಡಬೇಕು. ಬೈಕು ದೂರದಲ್ಲಿ ಇರುವಾಗ, ನಾಯಿ ಇನ್ನೂ ಬರೀ ಕಿವಿ ನೆಟ್ಟಗೆ ಮಾಡಿದಾಗ, ಬಾಯಿಗೆ ರುಚಿಯಾದದ್ದು ಏನಾದರೂ ಕೊಡಬೇಕು. ಬೈಕು ಬಂದರೆ ತಿನ್ನಲು ಸಿಗುತ್ತದೆ ಅಂತ ಅದರ ತಲೆಗೆ ಹೋಗಬೇಕು. ದಿನದಿಂದ ದಿನಕ್ಕೆ ಒಂದೊಂದು ಮಾರು ಹತ್ತಿರ ಹೋಗಬೇಕು. ತಿನ್ನದೇ ಇದ್ದರೆ ಅದಕ್ಕೆ ಹೆದರಿಕೆ ಜಾಸ್ತಿಯಾಗಿದೆ ಅಂತ ಅರ್ಥ, ಹಿಂದೆ ಸರಿಯಬೇಕು.

"ಹೆದರಿಕೆಯಾ? ಸಿಟ್ಟಲ್ದಾ?"

"ಹಾರುವ ನಾಯಿಗೆಲ್ಲ ಹೆದರಿಕೆಯೇ ಇರೂದು" ಅಂದು ತಟ್ಟೆ ಸರಿಸಿದರು. ಅರ್ಧ ಅನ್ನ ಹಾಗೇ ಇತ್ತು.

17 ಡಿಸೆಂಬರ್

ರುಚಿಯಾದದ್ದು ಅಂದರೆ ಒಣಮೀನು. ಮೇಡಂ ಮನೆಯಲ್ಲಿ ಮೀನು ಮುಟ್ಟುವುದಿಲ್ಲ, ಬಾಣ ಹುಟ್ಟಿದಾರಭ್ಯ ಮೊಸರನ್ನ, ದೋಸೆ ತಿಂದು ಬೆಳೆದದ್ದು. ಒಣ ಸಿಗಡಿಯ ವಾಸನೆ ಬಂದ ಕೂಡಲೇ ಅದಕ್ಕೆ ಏನಾಯಿತೋ, ನನ್ನ ಮುಖವನ್ನು ದೇವರನ್ನು ನೋಡಿದ ಹಾಗೆ ನೋಡಿತು. ಮೇಡಂ ಮೂಗಿಗೆ ಸೆರಗು ಹಿಡಿದು, "ಕೊಡು ಮಾರಾಯ್ತಿ, ಆದರೆ ಗೇಟಿನ ಹೊರಗೆ ಕೊಡು. ಅನೂಪನ ಅಮ್ಮನಿಗೆ ಗೊತ್ತಾದರೆ ನಾನೂ ನಾಯಿಯೂ ಇಬ್ಬರೂ ಹೊರಗೆ" ಅಂದರು. ಅವರು ನಕ್ಕದ್ದನ್ನು ಮೊದಲ ಸಲ ನೋಡಿದೆ.

22 ಡಿಸೆಂಬರ್, ಭಾನುವಾರ

ಬಾಣನನ್ನು ನಮ್ಮ ಹೊಳನಗದ್ದೆಯ ಬಯಲಿಗೆ ತಂದೆ. ಭತ್ತ ಕೊಯ್ದ ಗದ್ದೆ ಖಾಲಿ ಬಿದ್ದಿದೆ. ಶೇಂಗಾ ಹಾಕುವವರು ಇನ್ನೂ ಈ ಕಡೆ ಬಂದಿಲ್ಲ. ರಸ್ತೆ ದೂರ. ಬಾವಿಗೆ ಬಿಡುವ ಉದ್ದ ನೈಲಾನ್ ಹಗ್ಗ ಕಟ್ಟಿ ಓಡು ಅಂದೆ.

ಓಡಿದ್ದು ಹೇಗೆ ಅಂತ ಬರೆಯಲು ಬರುವುದಿಲ್ಲ. ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ. ಬೆಳ್ಳಕ್ಕಿಗಳು ಎದ್ದವು. ಹಗ್ಗ ಮುಗಿಯುವ ಜಾಗ ಅದಕ್ಕೆ ತಾನಾಗಿಯೇ ತಿಳಿಯಿತು, ಅಲ್ಲಿಂದ ಬಾಗಿ ದೊಡ್ಡ ಸುತ್ತು ಹಾಕಿತು. ನಾನೂ ಹಿಂದೆ ಓಡಿದೆ. ಚಪ್ಪಲಿ ಎಲ್ಲಿ ಬಿಟ್ಟೆನೋ. ಕೊನೆಗೆ ಅದು ಬದುವಿನ ಮೇಲೆ ಉದ್ದಕ್ಕೆ ಬಿದ್ದುಕೊಂಡಿತು, ನಾನು ಅದರ ಪಕ್ಕದಲ್ಲಿ ಬಿದ್ದುಕೊಂಡೆ. ನಗು ಬಂತು. ಒಬ್ಬಳೇ ಜೋರಾಗಿ ನಕ್ಕೆ. ಮದುವೆಯಾದ ಮೇಲೆ ಓಡಿದ್ದೇ ನೆನಪಿಲ್ಲ.

ಮನೆಗೆ ಬಂದರೆ ಇವರು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ನಕ್ಕಿದ್ದಕ್ಕೆ ತಪ್ಪು ಮಾಡಿದ ಹಾಗಾಯಿತು. ಇವರಿಗಾಗಿ ಈ ಕೆಲಸಕ್ಕೆ ಇಳಿದವಳು ನಾನು. ಇವರನ್ನು ಮರೆತು ನಕ್ಕೆನಾ?

30 ಡಿಸೆಂಬರ್

ಮೊಣಕಾಲು ತರಚಿದೆ. ಬಯಲಿನಿಂದ ವಾಪಸ್ ಹೋಗುವಾಗ ತಿರುವಿನಲ್ಲಿ ಬೈಕು ಎದುರೇ ಬಂತು. ಮೀನು ಕೊಡಲು ಹೊತ್ತೇ ಇರಲಿಲ್ಲ. ಬಾಣ ಹಾರಿತು, ನಾನು ಮಂಡಿಯೂರಿ ಬಿದ್ದೆ, ಹಗ್ಗ ಬಿಡಲಿಲ್ಲ. ಬೈಕಿನವನು ನಿಲ್ಲಿಸಿ, "ನಾಯಿ ಹಿಡಿಯೂಕೆ ಬರದಿದ್ರೆ ಮನೆಲಿ ಕೂತ್ಕಾ" ಅಂದ.

"ನೀ ತಿರುವಿನಲ್ಲಿ ಹಾರನ್ ಹೊಡೀಲಿಲ್ಲ. ಮೊದಲು ಬೈಕು ಬಂದ್ ಮಾಡು, ನಾಯಿ ಇನ್ನೂ ಅಂಜ್ತದೆ. ಆಮೇಲೆ ಮಾತಾಡುವ" ಅಂದೆ. ಅವನು ನಿಜವಾಗಿ ಎಂಜಿನ್ ಬಂದ್ ಮಾಡಿದ. ನಾವು ದಾಟುವವರೆಗೆ ಕಾಲೂರಿ ನಿಂತಿದ್ದ. ಯಾರ ಹತ್ತಿರವೂ ನಾನು ಹಾಗೆ ಮಾತಾಡಿದವಳಲ್ಲ. ಗಂಟಲಲ್ಲಿ ಕೂತವರು ಯಾರೋ ಗೊತ್ತಿಲ್ಲ.

ಇವರಿಗೆ ಬಾವಿಕಟ್ಟೆಯಲ್ಲಿ ಜಾರಿದೆ ಅಂದೆ. ಇವರೇ ಡೆಟಾಲ್ ಹಾಕಿ ಗಾಯ ತೊಳೆದರು. ನನ್ನ ಚೂಡಿದಾರದ ತೋಳಿನಿಂದ ಒಂದು ಕೂದಲು ತೆಗೆದು ಬೆಳಕಿಗೆ ಹಿಡಿದು ನೋಡಿದರು. ಗಿಡ್ಡ ಕೂದಲು, ಬೂದಿ ಬಣ್ಣ. ಲಡ್ಡು ಹಳದಿ. ಏನೋ ಕೇಳುತ್ತಾರೆ ಅಂತ ಕಾದೆ. ಕೇಳಲಿಲ್ಲ.

6 ಜನವರಿ 2025

ಎಲ್ಲ ಬಯಲಾಯಿತು. ಗಿರೀಶಣ್ಣನ ಹೆಂಡತಿ ರೇಖಾ ಬೇಲಿಯಾಚೆಯಿಂದ ಅತ್ತೆಗೆ ಹೇಳಿದಳಂತೆ, "ನಿಮ್ಮ ರೋಹಿಣಿ ಸಪೂರ ನಾಯಿ ಹಿಂದೆ ಗದ್ದೆಲಿ ಓಡ್ತಾ ಇತ್ತು." ಅತ್ತೆ ಒಳಗೆ ಬಂದು ಮಗನ ಎದುರಲ್ಲೇ ಕೇಳಿದರು, "ಹೌದಾ?"

"ಹೌದು" ಅಂದೆ.

ಇವರು ಕೂಗಾಡಲಿಲ್ಲ. "ಎಷ್ಟು ದಿನದಿಂದ?"

"ಸುಮಾರು ದಿನ ಆತು."

"ಮುಟ್ಟಬೇಡ ಅಂದಿದ್ದೆ."

"ಅದು ಶೆಡ್ಡಲ್ಲಿ ಸಾಯ್ತಾ ಇತ್ತು."

"ನಾನು ಇಲ್ಲಿ ಎಂತ ಮಾಡ್ತಾ ಇದ್ದೆ, ಜಾತ್ರೆಯಾ?" ಅಂದರು. "ನಿನ್ನ ಕಾಲೂ ಮುರಿದ್ರೆ ಅವ್ವಗೆ ಯಾರು ಗಂಜಿ ಬೇಯಿಸೂದು?"

"ನೀವೇ ಕಲಿಸಿದ್ದು ಎಲ್ಲ" ಅಂದೆ. ಅಷ್ಟು ಅಂದವಳು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಇವರು ಹೇಳಿದ್ದೂ ಸರಿ. ನಾನು ಮಾಡಿದ್ದೂ ತಪ್ಪು ಅನ್ನಿಸುವುದಿಲ್ಲ. ಎರಡೂ ಹೇಗೆ ಸರಿ ಇರುತ್ತದೆ?

8 ಜನವರಿ

ಬಾಣನ ಹತ್ತಿರ ಹೋಗಲಿಲ್ಲ. ಲಡ್ಡುವನ್ನು ತಿರುಗಿಸಿ ಸೀದಾ ಮನೆಗೆ ಬಂದೆ. ಒಂದು ಬ್ಲೌಸಿಗೆ ಎರಡೂ ಎಡತೋಳು ಹೊಲಿದೆ.

10 ಜನವರಿ

ಮೇಡಂ ಫೋನು. ಭಾನುವಾರ ಅನೂಪ ಬರುತ್ತಾರಂತೆ, ಸಂತೆಗುಳಿಯ ಚಿಕ್ಕಪ್ಪ ಜೀಪು ತರುತ್ತಾರಂತೆ. "ಒಂದು ಸಲ ನೋಡಿಕೊಂಡು ಹೋಗು ರೋಹಿಣಿ. ನೀ ಬರದೇ ಇದ್ದ ಮೇಲೆ ಗೇಟಿನ ಹತ್ತಿರವೇ ಮಲಗಿರ್ತದೆ."

ಮಾತಾಡುವಾಗ ಇವರು ಎದುರಿಗೇ ಇದ್ದರು. ಫೋನಿಟ್ಟು ಹೊಲಿಗೆ ಮಷೀನಿಗೆ ಕೂತೆ.

12 ಜನವರಿ, ಭಾನುವಾರ

ಹೋದೆ. ಹೊರಡುವಾಗ ಇವರಿಗೆ ಹೇಳಿಯೇ ಹೋದೆ. "ನರ್ಮದಾ ಮೇಡಂ ಮನೆಗೆ ಹೋಗಿ ಬರ್ತೆ."

ಚಿಕ್ಕಪ್ಪನ ಹೆಸರು ಕೃಷ್ಣಾನಂದ. ಹಿರಿಯರು, ಒಳ್ಳೆಯವರ ಹಾಗೆ ಕಂಡರು. ದಪ್ಪ ಚೈನು ತಂದಿದ್ದರು. ಅನೂಪ ಅವರನ್ನು ನಾನು ನೋಡಿದ್ದು ಇದೇ ಮೊದಲು. ಬಾಣ ನನ್ನನ್ನು ಕಂಡು ಒಂದು ಶಬ್ದ ಮಾಡಿದ. ನಾನು ತಲೆ ಮೇಲೆ ಕೈ ಇಟ್ಟೆ, ಸುಮ್ಮನಾದ.

"ಹಗಲಿಗೆ ಚೈನು, ರಾತ್ರಿಗೆ ಬಿಡುಗಡೆ. ಅನ್ನಕ್ಕೆ ಕೊರತೆ ಇಲ್ಲೆ" ಅಂದರು ಕೃಷ್ಣಾನಂದರು.

ನಾನು ಅನೂಪರಿಗೆ ಹೇಳಿದೆ, "ಸಾರ್, ಅವನಿಗೆ ಬೈಕು ಈಗ ಮೊದಲಿನ ಹಾಗಲ್ಲ. ಒಂದು ಸಲ ನೋಡಿ, ಆಮೇಲೆ ಕೊಡಿ."

"ದೇವರಾಜನ ಕೈಲೇ ಆಗಲಿಲ್ಲ. ಇನ್ನು ನಿಮ್ಮ ಕೈಲಿ ಎಂತ ಆಗ್ತದೆ?"

ಅವರು ಕೆಟ್ಟದ್ದಾಗಿ ಹೇಳಲಿಲ್ಲ, ಆಗಿದ್ದನ್ನೇ ಹೇಳಿದರು. ಆದರೂ ನಾನು ಹಗ್ಗ ಸಿಕ್ಕಿಸಿದೆ. "ನೀವೇ ಬೈಕು ತಗೊಂಡು ಆ ತುದಿಯಿಂದ ಬನ್ನಿ. ನಿಧಾನ ಬನ್ನಿ."

ಮೊದಲ ಸಲ ರಸ್ತೆಯಾಚೆಯ ಹಾಲಿನ ಡೇರಿಯ ಕಟ್ಟೆಯ ಹತ್ತಿರ ನಿಂತೆವು. ಬೈಕು ಬಂತು. ಬಾಣನ ಕಿವಿ ಎದ್ದಿತು, ಮೀನು ಕೊಟ್ಟೆ, ತಿಂದ. ಬೈಕು ಹೋಯಿತು. ಮೇಡಂ ಚಪ್ಪಾಳೆ ಹೊಡೆಯಲು ಹೋಗಿ ಕೈ ತಡೆದರು. ಎರಡನೆಯ ಸಲ ಸ್ವಲ್ಪ ಹತ್ತಿರ ನಿಂತೆವು. ಅನೂಪ ಜೋರಾಗಿ ಬಂದರು, ಬೇಕೆಂದೇ ಬಂದರೋ ಏನೋ. ಬಾಣ ಹಾರಿದ. ನನ್ನ ತೋಳು ಕಿತ್ತು ಹೋದ ಹಾಗಾಯಿತು. ಹೆದರಿಕೆಯಲ್ಲಿ ಹೆಸರು ಕೂಡ ಬಾಯಿಗೆ ಬರಲಿಲ್ಲ. ಆದರೆ ಅವನು ಅರ್ಧಕ್ಕೇ ತಿರುಗಿದ. ತಿರುಗಿ ನನ್ನ ಮುಖ ನೋಡಿದ. ಬಂದು ಕಾಲಿನ ಹತ್ತಿರ ಕೂತು ನಡುಗುತ್ತಿದ್ದ.

ಹಾರಿದ್ದು ಹಾರಿದ್ದೇ. ಇನ್ನು ಮುಗಿಯಿತು ಅಂದುಕೊಂಡೆ. ಕೃಷ್ಣಾನಂದರು ಕಟ್ಟೆಯ ಮೇಲೆ ಕೂತು ಎಲೆಯಡಿಕೆಯ ಕವಳ ಹಾಕುತ್ತಾ ನನ್ನ ಕಡೆ ಕೈ ತೋರಿಸಿ ಹೇಳಿದರು, "ಅನೂಪಾ, ಇದು ತೋಟಕ್ಕೆ ಆಗ್ತಿಲ್ಲೆ. ಹಂದಿ ಬಂದಾಗ ಇದು ಆ ಕೂಸಿನ ಮುಖ ಹುಡುಕ್ತಾ ನಿಂತ್ರೆ ಆನು ಎಂತ ಮಾಡದು? ಯಂಗೆ ಬೇರೆ ನಾಯಿ ಸಿಕ್ತು. ಇದಕ್ಕೆ ಬೇರೆ ಜನ ಸಿಕ್ತ್ವಿಲ್ಲೆ."

ಅನೂಪ ಬೈಕಿನ ಕೀಲಿ ಕಿಸೆಗೆ ಹಾಕಿದರು. ಮಾರ್ಚ್ ತನಕ ನೋಡುವ ಅಂದರು. ನನಗೋ ಮೇಡಂಗೋ ಯಾರಿಗೆ ಹೇಳಿದರೋ, ಇಬ್ಬರೂ ತಲೆ ಆಡಿಸಿದೆವು.

ಮನೆಗೆ ಬಂದು ಇವರಿಗೆ ಹೇಳಿದೆ, ಎಲ್ಲವನ್ನೂ, ಹಾರಿದ್ದನ್ನೂ. ಗೋಡೆ ನೋಡುತ್ತಲೇ ಕೇಳಿದರು. ಕೊನೆಗೆ ಒಂದೇ ಮಾತು ಕೇಳಿದರು. "ಅದು ತಾನಾಗಿ ತಿರುಗಿತಾ?"

"ಹೂಂ."

"ನಂಗೆ ಒಂದು ಸಲವೂ ತಿರುಗಲಿಲ್ಲ."

ಅದಕ್ಕೆ ಸಂತೋಷಪಡಬೇಕಾ ಬೇಜಾರು ಮಾಡಿಕೊಳ್ಳಬೇಕಾ ನನಗೆ ತಿಳಿಯಲಿಲ್ಲ. ಇವರಿಗೂ ತಿಳಿಯಲಿಲ್ಲ ಅಂತ ಕಾಣುತ್ತದೆ.

19 ಜನವರಿ

ಇವರು ಗಿರೀಶಣ್ಣನಿಂದ ಹಳೆಯ ಕಾರಿನ ಸೀಟು ಬೆಲ್ಟು ತರಿಸಿದ್ದಾರೆ. ಬಾಣನ ಎದೆಗೆ ಪಟ್ಟಿ ಹೊಲಿಯಬೇಕಂತೆ. "ಕುತ್ತಿಗೆಗೆ ಹಗ್ಗ ಇದ್ರೆ ಎಳೀತದೆ. ಎದೆಗೆ ಇದ್ರೆ ಎಳೆದ ಕೂಡಲೇ ನಿನ್ನ ಕಡೆಗೇ ತಿರುಗ್ತದೆ. ಗೋವಾದಲ್ಲಿ ಹಾಗೇ ಮಾಡ್ತಿದ್ವು." ನನ್ನ ಅಳತೆಯ ಟೇಪು ಹಿಡಿದು ಹಾಳೆಯ ಮೇಲೆ ಗೀಟು ಎಳೆದರು. ನಾನು ಹೊಲಿದೆ. ಎರಡು ಸೂಜಿ ಮುರಿದವು. ಇವರು ಮಂಚದಲ್ಲಿ, ನಾನು ಮಷೀನಿನಲ್ಲಿ, ಅತ್ತೆ ನಡುವೆ ಕೂತು ದಾರ ಪೋಣಿಸಿಕೊಟ್ಟರು. "ನಾಯಿಗೆ ಬ್ಲೌಸು ಹೊಲಿಯೂದು ನೋಡಿ ಸಾಯೂದೊಂದು ಬಾಕಿ ಇತ್ತು ನಂಗೆ" ಅಂದರು. ಇವರು ನಕ್ಕರು.

3 ಫೆಬ್ರವರಿ

ಡಾಕ್ಟರು ಎಕ್ಸ್‌ರೇ ನೋಡಿ ಎಲುಬು ಕೂಡಿದೆ ಅಂದರು. ಕೋಲು ಹಿಡಿದು ನಡೆಯಬಹುದು. ಬೇಸಿಗೆಯ ಹೊತ್ತಿಗೆ ಕೆಲಸಕ್ಕೆ ಹೋಗಬಹುದು. ಅತ್ತೆ ದೇವರಿಗೆ ಕಾಯಿ ಒಡೆಸಿದರು.

ನನಗೂ ಖುಷಿಯೇ. ಆದರೆ ಸಂಜೆಯಿಂದ ಎದೆಯ ಕೆಳಗೆ ಏನೋ ಭಾರ ಕೂತಿದೆ. ಮಧ್ಯಾಹ್ನದ ಹುಳಿ ಹೆಚ್ಚಾಯಿತೋ ಏನೋ. ಸೋಡಾ ಕುಡಿದೆ, ಇಳಿಯಲಿಲ್ಲ.

ಮೂರು ಮನೆಯವರು ಹೊಸದಾಗಿ ನಾಯಿ ತಿರುಗಿಸಲು ಕೇಳಿದ್ದಾರೆ. ಹೊನ್ನಾವರದಿಂದಲೂ ಒಬ್ಬರು ಕೇಳಿದ್ದಾರೆ. ದೇವರಾಜರು ಬಂದ ಮೇಲೆ ಹೇಳ್ತೆ ಅಂತ ಎಲ್ಲರಿಗೂ ಹೇಳಬೇಕಿತ್ತು. ಯಾರಿಗೂ ಹೇಳಲಿಲ್ಲ, ನೋಡಿ ಹೇಳ್ತೆ ಅಂದೆ. ಯಾಕೆ ಹಾಗಂದೆ?

11 ಫೆಬ್ರವರಿ

ಇವರು ಅಂಗಳದಲ್ಲಿ ಕೋಲು ಹಿಡಿದು ನಡೆಯುತ್ತಾರೆ. ಗೇಟಿನ ತನಕ ಹೋಗಿ ವಾಪಸ್ ಬರುತ್ತಾರೆ. ಗೇಟು ದಾಟಿ ಬನ್ನಿ ಅಂದರೆ ನಾಳೆ ಅನ್ನುತ್ತಾರೆ. ಕಾಲು ನೋವಾ ಅಂದರೆ ಇಲ್ಲ ಅನ್ನುತ್ತಾರೆ.

16 ಫೆಬ್ರವರಿ, ಭಾನುವಾರ

ಇವತ್ತು ಹೇಗೋ ಹೊರಡಿಸಿದೆ. ಆಟೋದಲ್ಲಿ ಇವರನ್ನು ಕಡ್ಲೆಯ ಸಮುದ್ರದ ಬೇಲೆಗೆ ಕಳಿಸಿ, ನಾನು ಬಾಣನನ್ನು ನಡೆಸಿಕೊಂಡು ಹೋದೆ. ಸಮುದ್ರದ ಕಡೆಯಿಂದ ಗಾಳಿ ಇತ್ತು. ಇವರು ಗಾಳಿಮರದ ಬುಡದಲ್ಲಿ ಕೂತಿದ್ದರು. ದೂರದಿಂದಲೇ ಬಾಣ ಇವರನ್ನು ಗುರುತು ಹಿಡಿದ. ಬಾಲ ಆಡಿಸುತ್ತಾನೆ, ಓಡಿ ಹೋಗಿ ಮೈಮೇಲೆ ಬೀಳುತ್ತಾನೆ ಅಂತ ಗಟ್ಟಿಯಾಗಿ ಹಿಡಿದಿದ್ದೆ. ಅವನು ನಿಂತುಬಿಟ್ಟ. ಹೊಟ್ಟೆ ನೆಲಕ್ಕೆ ತಾಗಿಸಿ ನನ್ನ ಕಾಲಿನ ಹಿಂದೆ ಸೇರಿಕೊಂಡ. ಕೊಟ್ಟ ಮೀನನ್ನೂ ತಿನ್ನಲಿಲ್ಲ.

ಇವರು ಅದನ್ನೇ ನೋಡುತ್ತಿದ್ದರು. "ಅದಕ್ಕೂ ನನ್ನ ಹೆದರಿಕೆ" ಅಂದರು.

ನಾನು ಹಗ್ಗ ಮುಂದೆ ಚಾಚಿದೆ. "ಹಿಡೀರಿ. ನಾ ಪಕ್ಕದಲ್ಲೇ ಇರ್ತೆ."

ಇವರು ಕೈ ಮುಂದೆ ತಂದರು. ಅಷ್ಟರಲ್ಲಿ ಮೇಲಿನ ರಸ್ತೆಯಲ್ಲಿ ಯಾರೋ ಬೈಕು ಸ್ಟಾರ್ಟ್ ಮಾಡಿದರು. ಬಾಣನ ಕಿವಿ ಮಾತ್ರ ಎದ್ದಿತು. ಇವರ ಕೈ ತಟ್ಟನೆ ಹಿಂದೆ ಹೋಯಿತು, ಕೋಲು ಮರಳಿಗೆ ಬಿತ್ತು.

"ನನ್ನ ಕೈಲಿ ಆಗೂದಿಲ್ಲ ರೋಹಿಣಿ" ಅಂದರು. "ಕಾಲು ಕೂಡಿತು. ಮೋರಿ ಕಲ್ಲಿನ ಮೇಲೆ ಎಲುಬು ಮುರಿದ ಶಬ್ದ ಉಂಟಲ್ಲ, ಅದು ಕಿವಿಯಿಂದ ಹೋಗ್ಲಿಲ್ಲ. ಬೈಕು ಬಂದರೆ ಮಂಚದಲ್ಲೇ ಕಾಲು ಎಳ್ಕಳ್ತೆ. ಯಾರಿಗೆ ಹೇಳೂದು? ನಾಯಿ ಪಳಗಿಸೂ ದೇವರಾಜಗೆ ನಾಯಿ ಹಗ್ಗ ಮುಟ್ಟೂಕೆ ಅಂಜಿಕೆ ಅಂತ ಹೇಳೂದಾ?"

ಮೂರು ತಿಂಗಳು ಒಂದೇ ಕೋಣೆಯಲ್ಲಿ ಇದ್ದೆ. ನನ್ನ ಮೇಲೆ ಸಿಟ್ಟು ಅಂದುಕೊಂಡಿದ್ದೆ. ರಸ್ತೆಗೂ ಇವರಿಗೂ ನಡುವೆ ಹೋಗಿ ಕೂತೆ. ಬೈಕು ಹೋಗುವ ತನಕ ಇವರ ಬೆನ್ನ ಮೇಲೆ ಕೈ ಇಟ್ಟಿದ್ದೆ. ಇನ್ನೊಂದು ಕೈಯಲ್ಲಿ ಹಗ್ಗ.

ಕೋಲಿಗೆ ಹತ್ತಿದ ಮರಳು ಒರೆಸುತ್ತಾ ಇವರೇ ಹೇಳಿದರು, "ಊರಿಗೆ ಹೋಗುವವರು ನಾಯಿ ಬಿಟ್ಟು ಹೋಗೂಕೆ ಜಾಗ ಕೇಳ್ತಾರೆ. ಅಂಗಳಕ್ಕೆ ಬೇಲಿ ಹಾಕಿದ್ರೆ ಅಲ್ಲಿ ನಾ ನೋಡ್ಕಳ್ತೆ. ರಸ್ತೆಗೆ ನೀ ಹೋಗು."

"ನಿಮ್ಮ ಕೆಲಸ ಅಲ್ದಾ ಅದು?"

"ಹೌದಾಗಿತ್ತು" ಅಂದರು.

ಕೆಲಸ ಇವರು ಕೊಟ್ಟರಾ, ನಾನು ಕಿತ್ತುಕೊಂಡೆನಾ? ಈಗಲೂ ಗೊತ್ತಾಗುತ್ತಿಲ್ಲ. ಇವರಿಗೆ ಹಗುರಾದ ಹಾಗೂ ಕಂಡಿತು, ಏನೋ ಕಳೆದುಕೊಂಡ ಹಾಗೂ ಕಂಡಿತು. ನನ್ನ ಮುಖ ಹೇಗಿತ್ತೋ, ನನಗೆ ಕಾಣುವುದಿಲ್ಲವಲ್ಲ.

ಆಟೋ ಬೇಡ, ಸ್ವಲ್ಪ ದೂರ ನಡೀತೆ ಅಂದರು. ಎಡಗಡೆ ಇವರು ಕೋಲು ಹಿಡಿದು, ಬಲಗಡೆ ಬಾಣ. ಮೊದಮೊದಲು ಇವರೂ ಅವನನ್ನು ನೋಡಲಿಲ್ಲ, ಅವನೂ ಇವರನ್ನು ನೋಡಲಿಲ್ಲ. ಇವರು ನಿಂತರೆ ನಿಂತೆವು, ಅವನು ಮೂಸಿದರೆ ಕಾದೆವು. ಹೊನ್ನಾವರದವರಿಗೆ ಏನು ಹೇಳೂದು ಅಂತ ಕೇಳಿದೆ. ಬೇಲಿಗೆ ಬಿದಿರು ಸಾಕಾ, ತಂತಿ ಬೇಕಾ ಅಂತ ಇವರು ಕೇಳಿದರು. ಹಾಗೇ ಮಾತಾಡುತ್ತಾ ಬಂದೆವು.

ಇವರನ್ನು ಮನೆಗೆ ಸೇರಿಸಿ, ಬಾಣನನ್ನು ಮೇಡಂ ಮನೆಗೆ ಬಿಟ್ಟು ಬಂದು ಕೈಕಾಲು ತೊಳೆಯುವಾಗ ನೆನಪಾಯಿತು. ಅಷ್ಟು ದೂರ ರಸ್ತೆಯಲ್ಲೇ ಬಂದೆವು, ಭಾನುವಾರ ಬೇರೆ. ಬೈಕುಗಳು ಹೋದವೋ ಇಲ್ಲವೋ, ನಾನು ನೋಡಲೇ ಇಲ್ಲ.